ನಿಂಬೆಹಣ್ಣಿನ ಅನುಮಾನ

ಲೇಖಕನ ಮುಖ ಎಡಗಡೆಯಿಂದ ಚೆಂದವೋ ಬಲಗಡೆಯಿಂದಲೋ ಎಂಬುದು ಹಗುರವಾಗಿ ತೀರ್ಮಾನಿಸಿಬಿಡುವ ವಿಷಯವಲ್ಲ. ಅದರ ಮೇಲೆ ಒಂದು ಭಾಷೆಯ ಗದ್ಯದ ಮುಂದಿನ ದಾರಿ ನಿಂತಿರುತ್ತದೆ. ನಿಂತಿಲ್ಲವೆಂದು ವಾದಿಸುವವರು ಪ್ರಕಾಶಕನ ಎದುರು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತೂ ಕೂತವರಲ್ಲ ಎಂದಷ್ಟೇ ಅರ್ಥ. ಆ ಶನಿವಾರ ಬೆಳಿಗ್ಗೆ ಬಚ್ಚಲಮನೆಯ ಕನ್ನಡಿಯ ಮುಂದೆ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ನಿಂತಿದ್ದ ಕಥೆಗಾರ, ಮೊದಲು ನೊರೆಯಿದ್ದ ಬದಿಯನ್ನೂ ಆಮೇಲೆ ಇಲ್ಲದ ಬದಿಯನ್ನೂ ತಿರುಗಿಸಿ ನೋಡಿಕೊಂಡ. ಇಷ್ಟು ವರ್ಷ ಎರಡನ್ನೂ ಸಮನಾಗಿ ಅಲಕ್ಷ್ಯ ಮಾಡಿದ್ದಕ್ಕೆ ಈಗ ಎರಡೂ ಒಟ್ಟುಗೂಡಿ ಸೇಡು ತೀರಿಸಿಕೊಳ್ಳುತ್ತಿವೆ ಎಂದುಕೊಂಡ. ಸಂಜೆ ಐದಕ್ಕೆ ಅವನು ಓದುಗರ ಮುಂದೆ ನೇರವಾಗಿ ಕಾಣಿಸಿಕೊಳ್ಳಬೇಕಿತ್ತು. ಜಾಲತಾಣದ ಅವನ ಪುಟದಲ್ಲಿ ಈಗಾಗಲೇ ಇರುವ ಚಿತ್ರ ಎಡಬದಿಯದು. ಅದನ್ನು ಆರಿಸಿದವರು ಅತ್ತೆ, ಎಂದರೆ ಹೆಂಡತಿಯ ತಾಯಿ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಬಂದವರನ್ನು ಕೂರಿಸುವ ಮೇಜಿನ ಹಿಂದೆ ಅರ್ಧ ಆಯುಷ್ಯ ಕಳೆದವರು. “ಬಲಗಡೆ ದವಡೆ ಹಲ್ಲು ಹೋಗಿದೆಯಲ್ಲ ಅಳಿಯಂದಿರೇ, ಕೆನ್ನೆ ಒಳಗೆ ಕೂತಿದೆ. ಎಡಗಡೆಯಿಂದ ನೀವು ಚಿಂತೆ ಮಾಡೋರ ಥರ ಕಾಣ್ತೀರಿ. ಬಲಗಡೆಯಿಂದ ಸಾಲ ಕೇಳೋಕೆ ಬಂದೋರ ಥರ,” ಎಂದಿದ್ದರು. ಆಗ ನಕ್ಕಿದ್ದ. ಈಗ ಸಂಜೆ ಎಡಬದಿ ಮಾತ್ರ ಕಾಣುವ ಹಾಗೆ ಒಂದು ಗಂಟೆ ಕೂರುವುದು ಹೇಗೆ ಎಂದು ಲೆಕ್ಕ ಹಾಕುತ್ತಿದ್ದ. ಕಥೆಗಾರನೊಬ್ಬ ಇಂಥ ಲೆಕ್ಕ ಹಾಕುತ್ತ ನಿಂತಿರುವುದನ್ನು ತನ್ನದೇ ಕಥೆಯಲ್ಲಿ ಬರೆದಿದ್ದರೆ ಆ ಪಾತ್ರದ ಮೇಲೆ ತನಗೆ ಎಷ್ಟು ತಾತ್ಸಾರವಿರುತ್ತಿತ್ತು ಎಂಬುದೂ ಅವನಿಗೆ ಗೊತ್ತಿತ್ತು.

ನಿಜಕ್ಕೂ ಅವನನ್ನು ಕೊರೆಯುತ್ತಿದ್ದದ್ದು ಮುಖವಲ್ಲ. ಪುಟದಲ್ಲಿ ಓದುಗರಿಗೆ ಹೋಗುತ್ತಿದ್ದ ಉತ್ತರಗಳು ಅವನವಾಗಿರಲಿಲ್ಲ. ಎಲ್ಲವನ್ನೂ, ಒಂದನ್ನೂ ಬಿಡದೆ, ಅತ್ತೆ ಬರೆಯುತ್ತಿದ್ದರು. ಇದು ಮನೆಯ ಮೂವರಿಗಲ್ಲದೆ ಬೇರೆ ಯಾರಿಗೂ ತಿಳಿಯದು. ಈಗ ನಾಲ್ಕನೆಯವರೊಬ್ಬರಿಗೆ ಅನುಮಾನ ಬಂದಿತ್ತು, ಆ ನಾಲ್ಕನೆಯವರು ಸಂಜೆ ಬರುವವರಿದ್ದರು. ತಿಂಡಿಯ ಮೇಜಿನ ಹತ್ತಿರ ಹೆಂಡತಿ ನಿಂತುಕೊಂಡೇ ತಿನ್ನುತ್ತ ಕಾರಿನ ಬೀಗದಕೈ ಹುಡುಕುತ್ತಿದ್ದಳು. ಅವಳು ಕಾರು ಓಡಿಸುವುದನ್ನು ಕಲಿಸುವವಳು. ಗಾಬರಿಬಿದ್ದ ಅಪರಿಚಿತರ ಪಕ್ಕದಲ್ಲಿ ದಿನವಿಡೀ ಕೂತು ಕೂತು ಅವಳಿಗೆ ಯಾವ ಗಾಬರಿಯೂ ಗಾಬರಿಯಾಗಿ ಕಾಣುತ್ತಿರಲಿಲ್ಲ. “ಅಮ್ಮನಿಗೆ ಸಂಜೆ ಒಳಗಿರು ಅಂತ ನೀನೇ ಹೇಳಿಬಿಡು,” ಎಂದ, ದನಿ ತಗ್ಗಿಸಿ. “ನಾನ್ಯಾಕೆ ಹೇಳ್ಲಿ? ಅವಳು ನನ್ನಮ್ಮ, ನೀವು ನನ್ನ ಗಂಡ, ಅಷ್ಟು ಗೊತ್ತು ನಂಗೆ. ಆ ಪುಟ ಯಾರದೂಂತ ನಂಗೊತ್ತಿಲ್ಲ,” ಎಂದು ಅವಳು ಬೀಗದಕೈಯನ್ನು ಅವನ ಪುಸ್ತಕಗಳ ಸಾಲಿನ ಹಿಂದಿನಿಂದ ತೆಗೆದುಕೊಂಡಳು. “ಮತ್ತೆ, ಹೇಳೋದಿದ್ರೆ ಬೇಗ ಹೇಳಿ. ತಿರುಗಿಸಬೇಕಾದಾಗ ತಿರುಗಿಸದೆ ಕೂತು, ಆಮೇಲೆ ಒಮ್ಮೆಲೇ ತಿರುಗಿಸ್ತೀರಲ್ಲ, ಅದಕ್ಕೇ ನಿಮ್ಮನ್ನ ನಾನು ಪಾಸ್ ಮಾಡಿಲ್ಲ.” ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅದು ಆ ಮನೆಯಲ್ಲಿ ಹಳೆಯ ತಮಾಷೆ.

ಪ್ರಕಾಶಕ ಮನೆಗೆ ಬಂದು ಕೂತದ್ದು ಹೋದ ವರ್ಷ, ಇದೇ ಮೇಜಿನ ಎದುರು, ಮಡಿಲಲ್ಲಿ ಮಾರಾಟವಾಗದ ಕಥಾಸಂಕಲನದ ಪ್ರತಿಯೊಂದನ್ನು ಕಾಯಿಲೆ ಮಗುವಿನ ಹಾಗೆ ಮಲಗಿಸಿಕೊಂಡು. “ಈಗ ಪುಸ್ತಕ ಮಾರಾಟ ಆಗಲ್ಲ ಸಾರ್. ಲೇಖಕ ಮಾರಾಟ ಆಗ್ಬೇಕು,” ಎಂದಿದ್ದ. ಹಾಗೆಂದರೇನೆಂದು ಕೇಳಿದ್ದಕ್ಕೆ, “ನೀವು ಯಾರು, ಏನು ತಿಂತೀರಿ, ಯಾವಾಗ ಬರೀತೀರಿ, ಯಾಕೆ ಬೇಜಾರಾಗುತ್ತೆ, ಎಲ್ಲ ಓದುಗರಿಗೆ ನೇರವಾಗಿ ಗೊತ್ತಾಗ್ಬೇಕು ಸಾರ್. ಮಧ್ಯೆ ನಾವ್ಯಾರೂ ಇರಬಾರದು,” ಎಂದು, ತಾನು ಮಧ್ಯೆ ಇರುವುದನ್ನು ತೋರಿಸುವಂತೆ ಎದೆ ಮುಟ್ಟಿಕೊಂಡಿದ್ದ. ಪುಟ ತೆರೆಯಿತು. ಕಥೆಗಳು ಒಂದೊಂದಾಗಿ ಅದರಲ್ಲಿ ಬಂದವು. ಮೊದಲ ವಾರವೇ ಓದುಗನೊಬ್ಬ ‘ಕಥೆ ಓದಿ ಎರಡು ದಿನ ಊಟ ಸೇರಲಿಲ್ಲ ಸಾರ್’ ಎಂದು ಬರೆದ. ಕಥೆಗಾರ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಬಹಳ ವರ್ಷಗಳಿಂದ ಉತ್ತರ ಬರೆಯುವ ಕೆಲಸದಲ್ಲಿದ್ದವನು. ನಲ್ಲಿಯಲ್ಲಿ ಗಾಳಿ ಬರುತ್ತದೆಂದೂ ಪಕ್ಕದ ಮನೆಯವರು ಮೋಟರು ಹಾಕುತ್ತಾರೆಂದೂ ಬರೆಯುವವರಿಗೆ ಯಾವ ಭರವಸೆಯೂ ಹುಟ್ಟದ, ಯಾವ ಸಿಟ್ಟೂ ಬರದ ಒಂದು ಗದ್ಯವನ್ನು ಅವನು ಅಲ್ಲಿ ರೂಢಿಸಿಕೊಂಡಿದ್ದ. ಕಥೆಯ ಗದ್ಯ ಬೇರೆ, ಕಚೇರಿಯದು ಬೇರೆ, ಎರಡರ ನಡುವೆ ಗೋಡೆಯಿದೆ ಎಂದು ನಂಬಿಕೊಂಡಿದ್ದ. ಆದರೆ ಊಟ ಸೇರದ ಓದುಗನ ಹೆಸರಿನ ಕೆಳಗೆ ಬೆರಳಿಟ್ಟಾಗ ತಾನಾಗಿ ಬಂದದ್ದು ಇದು: ‘ತಮ್ಮ ಅಭಿಪ್ರಾಯ ತಲುಪಿದೆ. ಅಗತ್ಯ ಕ್ರಮಕ್ಕಾಗಿ ಗಮನಿಸಲಾಗಿದೆ.’ ಓದುಗ ಅತ್ಯಂತ ವಿನಯದಿಂದ ಏನು ಕ್ರಮ ಎಂದು ಕೇಳಿದ. ಅದನ್ನು ಅವನ ಹೆಗಲ ಮೇಲಿಂದ ಬಗ್ಗಿ ಓದಿದ ಅತ್ತೆ, “ಅಯ್ಯೋ ಪಾಪ! ಅನ್ನ ಇಳೀಲಿಲ್ಲ ಅಂತಿದ್ದಾನೆ, ನೀವು ರಶೀದಿ ಕೊಟ್ಟಿದ್ದೀರಲ್ಲ ಅಳಿಯಂದಿರೇ!” ಎಂದು ಫೋನು ಕಿತ್ತುಕೊಂಡು ಒಂದು ಬೆರಳಲ್ಲಿ ಒತ್ತಿದರು: ‘ಈಗ ಹೇಗಿದೀರಪ್ಪಾ? ಕಥೆಯ ಯಾವ ಜಾಗದಲ್ಲಿ ಹಾಗಾಯ್ತು?’ ಒಂದು ಗಂಟೆಯೊಳಗೆ ಓದುಗ ತನ್ನ ಅಣ್ಣನ ಬಗ್ಗೆ, ಅಣ್ಣ ಮಾತು ಬಿಟ್ಟ ದಿನದ ಬಗ್ಗೆ, ಉಸಿರು ತೆಗೆದುಕೊಳ್ಳದೆ ಉದ್ದಕ್ಕೆ ಬರೆದಿದ್ದ. ಕಥೆಯಲ್ಲಿ ಅಣ್ಣನೇ ಇರಲಿಲ್ಲ. “ಕ್ಲಿನಿಕ್ಕಿಗೆ ಬಂದೋರೂ ಹೀಗೇ,” ಎಂದರು ಅತ್ತೆ. “ಅವರಿಗೆ ಉತ್ತರ ಬೇಕಾಗಿರಲ್ಲ. ಯಾವ ಕಡೆ ನೋವು ಅಂತ ಕೇಳಿದ್ರೆ ಸಾಕು, ಅರ್ಧ ಇಳಿದುಬಿಡುತ್ತೆ. ಮಿಕ್ಕ ಅರ್ಧ ಡಾಕ್ಟರು ನೋಡ್ಕೋತಾರೆ.” ಇಲ್ಲಿ ಡಾಕ್ಟರು ಯಾರು ಎಂದು ಅವನು ಕೇಳಲಿಲ್ಲ. ನೀವು ಕಥೆ ಓದಿದ್ದೀರಾ ಎಂದು ಮಾತ್ರ ಕೇಳಿದ. “ಓದಿದ್ರೆ ಉತ್ತರ ಬರೆಯೋಕಾಗುತ್ತಾ? ಆಮೇಲೆ ನಾನೂ ನಿಮ್ಮ ಥರ ಮುಖ ಮಾಡ್ಕೊಂಡು ಕೂತುಬಿಡ್ತೀನಿ,” ಎಂದರು.

ಹೀಗೆ ಪುಟ ಬೆಳೆಯಿತು. ಬೆಳೆದಂತೆ ಕಥೆಗಾರನೂ ಅವನಿಗೆ ಗೊತ್ತಿಲ್ಲದ ಕಡೆಗೆಲ್ಲ ಬೆಳೆದ. ಅವನು ನಿಂತುಕೊಂಡೇ ಬರೆಯುತ್ತಾನೆ ಎಂದು ಅತ್ತೆ ಯಾರಿಗೋ ತಿಳಿಸಿದ್ದರು. ದುಃಖದ ಭಾಗ ಬಂದಾಗ ಎದ್ದುಹೋಗಿ ಪಾತ್ರೆ ತೊಳೆಯುತ್ತಾನೆ ಎಂದು ಇನ್ನಾರಿಗೋ. ಅವನೊಂದು ಆಮೆ ಸಾಕಿದ್ದಾನೆ ಎಂಬುದು ಎಲ್ಲರಿಗೂ ತಿಳಿದಿತ್ತು. ಈ ಶನಿವಾರ ಬೆಳಿಗ್ಗೆ ಕಚೇರಿಗೆ ಹೋಗುವ ಬಸ್ಸಿನಲ್ಲಿ, ಮೇಲಿನ ಕಂಬಿ ಹಿಡಿದು ನಿಂತಿದ್ದಾಗ, ಪಕ್ಕದಲ್ಲಿ ನಿಂತಿದ್ದ ದಪ್ಪ ಕನ್ನಡಕದ ಹೆಂಗಸೊಬ್ಬರು ಅವನ ಎಡಗೆನ್ನೆಯನ್ನೇ ನೋಡುತ್ತಿದ್ದು, ಕೊನೆಗೆ “ನೀವೇ ಅಲ್ವಾ?” ಎಂದರು. ಹೌದೆಂದ. ಎಷ್ಟೋ ವರ್ಷ ಇದೇ ಬಸ್ಸಿನಲ್ಲಿ ಈ ಪ್ರಶ್ನೆಗಾಗಿ ಮುಖ ಸಿದ್ಧಪಡಿಸಿಕೊಂಡು ನಿಂತಿದ್ದವನು. ಈಗ ಆ ಸಿದ್ಧ ಮುಖ ಎಲ್ಲೋ ಕಳೆದುಹೋಗಿತ್ತು. ಆಕೆ ಸಂಕಲನದ ಹೆಸರು ಹೇಳುತ್ತಾರೆಂದು ಕಾದ. “ಆಮೆ ಹೇಗಿದೆ ಸಾರ್? ಮೊನ್ನೆ ಏನೂ ತಿಂತಿಲ್ಲ ಅಂತ ಬರೆದಿದ್ರಿ,” ಎಂದರು. “ಈಗ ಪರವಾಗಿಲ್ಲ,” ಎಂದ. “ಎಲೆ ಸಣ್ಣಗೆ ಹೆಚ್ಚಿ ಕೊಡಿ,” ಎಂದರು ಆಕೆ. ಕೊಡುತ್ತೇನೆ ಎಂದು ಹೇಳಿ ಇಳಿದಾದ ಮೇಲೆ, ಫುಟ್‌ಪಾತಿನ ಮೇಲೆ ನಿಂತು, ಇಲ್ಲದ ಆಮೆಯ ಆರೋಗ್ಯ ಸುಧಾರಿಸಿದ್ದಕ್ಕೆ ತನಗೆ ಕ್ಷಣಹೊತ್ತು ನಿಜವಾಗಿ ನೆಮ್ಮದಿಯಾಯಿತಲ್ಲ ಎಂದು ನಾಚಿದ. ಇದೇ ಬೀದಿಯಲ್ಲಿ, ಆ ಮುರಿದ ಅಂಚೆಪೆಟ್ಟಿಗೆಯ ಹತ್ತಿರ, ಮೊದಲ ಕಥೆ ಪತ್ರಿಕೆಯಲ್ಲಿ ಬಂದ ದಿನ ಅಪ್ಪನನ್ನು ಕಂಡಿದ್ದ. ಅಪ್ಪ ಪತ್ರಿಕೆ ಮಡಿಸಿ ಕಂಕುಳಲ್ಲಿಟ್ಟುಕೊಂಡು, “ಚೆನ್ನಾಗಿದೆ. ಆದರೆ ಇದರಲ್ಲಿ ನೀನೆಲ್ಲೂ ಕಾಣಲ್ಲವಲ್ಲ,” ಎಂದಿದ್ದರು. ಅದು ಹೊಗಳಿಕೆ ಎಂದು ಅವನು ಆಗ ತಿಳಿದಿದ್ದ. ಬರೆದವನು ಕಾಣಬಾರದು, ಬಾಗಿಲ ಸಂದಿಯ ಬೆಳಕಿನ ಹಾಗೆ ಇದ್ದೂ ಇಲ್ಲದಂತಿರಬೇಕು ಎಂದೆಲ್ಲ ಅದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿಕೊಂಡು ಇಷ್ಟು ವರ್ಷ ಬರೆದಿದ್ದ. ಈಗ ಕಾಣುತ್ತಿದ್ದ, ಆಮೆಯ ಸಮೇತ.

ಕಚೇರಿಯಲ್ಲಿ ಶನಿವಾರದ ಅರ್ಧ ದಿನ. ಮುಂದಿದ್ದ ದೂರುಗಳಿಗೆ ಕೈ ತಾನಾಗಿ ಉತ್ತರ ಬರೆಯುತ್ತಿತ್ತು, ಮನಸ್ಸು ನಿಂಬೆಹಣ್ಣಿನ ಹತ್ತಿರ ಹೋಗಿ ಕೂತಿತ್ತು. ನಿಂಬೆಹಣ್ಣು ಎಂದರೆ ಆ ನಾಲ್ಕನೆಯವರು. ಹೆಸರಿರಲಿಲ್ಲ, ಮುಖವಿರಲಿಲ್ಲ, ಚಿತ್ರದ ಜಾಗದಲ್ಲಿ ಬಿಳಿ ತಟ್ಟೆಯ ಮೇಲೊಂದು ನಿಂಬೆಹಣ್ಣು. ಲಿಫ್ಟು ರಿಪೇರಿ ಮಾಡುವವನೊಬ್ಬನ ಕಥೆಯ ಕೆಳಗೆ, ಅದ್ಭುತ, ಮನ ಮುಟ್ಟಿತು, ಕೈ ಮುಗಿಯುವ ಬೊಂಬೆಗಳು, ಇವುಗಳ ನಡುವೆ, ಒಂದು ದಿನ ಹೀಗೆ ಬಂದಿತ್ತು: ‘ಅವನು ಹೊರಡುವಾಗ ಬಾಗಿಲು ಮುಚ್ಚಿದ. ತಿರುಗಿ ಬಂದಾಗ ಅದು ತೆರೆದಿದೆ. ತೆರೆದವರು ಯಾರೆಂದು ನೀವು ಹೇಳಿಲ್ಲ. ಹೇಳದೆ ಇದ್ದದ್ದು ಒಳ್ಳೆಯದಾಯಿತು.’ ಓದಿ ಅವನಿಗೆ ಕಿವಿ ಬಿಸಿಯಾಗಿತ್ತು. ಆ ಬಾಗಿಲಿಗಾಗಿ ಅವನು ಒಂದು ಇಡೀ ಬೇಸಿಗೆ ಒದ್ದಾಡಿದ್ದ. ವಿಮರ್ಶಕನೊಬ್ಬ ಅದನ್ನು ಕಣ್ತಪ್ಪು ಎಂದು ಬರೆದಾಗ ನಗುವಂತೆ ನಟಿಸಿ, ಒಂದು ವಾರ ನಿದ್ದೆ ಕೆಡಿಸಿಕೊಂಡಿದ್ದ. ಈಗ ಯಾರೋ ಒಬ್ಬರು, ಎಲ್ಲೋ ಕೂತು, ಅವನು ಬಿಟ್ಟಿದ್ದ ಜಾಗದಲ್ಲೇ ಸರಿಯಾಗಿ ಕಾಲಿಟ್ಟಿದ್ದರು. ಉತ್ತರ ತಾನೇ ಬರೆಯಬೇಕೆಂದು ಮಧ್ಯಾಹ್ನವಿಡೀ ಒದ್ದಾಡಿದ. ‘ತಮ್ಮ ಸೂಕ್ಷ್ಮ ಅವಲೋಕನವನ್ನು ಗಮನಕ್ಕೆ ತಂದುಕೊಳ್ಳಲಾಗಿದೆ’ ಎಂದು ಬಂತು, ಅಳಿಸಿದ. ‘ಬಾಗಿಲಿನ ಸಂಬಂಧವಾಗಿ’ ಎಂದು ಬಂತು, ಅಳಿಸಿದ. ಕಚೇರಿಯ ಗೋಡೆ ಇತ್ತ ಕಡೆಗೇ ಬಿದ್ದಿತ್ತು. ಅಷ್ಟರಲ್ಲಿ ಅತ್ತೆ ಮಲಗಿ ಎದ್ದು ಕನ್ನಡಕ ಒರೆಸಿಕೊಂಡು ಉತ್ತರಿಸಿಯೂ ಆಗಿತ್ತು: ‘ಅಬ್ಬಾ, ನಿಮ್ಮ ಕಣ್ಣೇ! ನಿಮ್ಮ ಮನೆ ಬಾಗಿಲೂ ಹೀಗೇ ತಾನಾಗಿ ತೆರ್ಕೊಳ್ಳುತ್ತಾ?’ ನಿಂಬೆಹಣ್ಣು ಅದಕ್ಕೆ ಉತ್ತರ ಕೊಡಲಿಲ್ಲ. ಮಾರನೆಯ ದಿನ, ‘ಕಥೆ ಬರೆದವರು ಈ ಪ್ರಶ್ನೆ ಕೇಳುವವರಲ್ಲ’ ಎಂದಷ್ಟೇ ಬಂತು. ಆಮೇಲೆ ಪ್ರತಿ ಕಥೆಯ ಕೆಳಗೂ ಒಂದು ಸಾಲು, ಪ್ರತಿ ಉತ್ತರದ ಕೆಳಗೂ ಒಂದು ಅನುಮಾನ. ಹೋದ ವಾರ: ‘ಶನಿವಾರ ಬರುತ್ತೇನೆ. ಒಂದೇ ಪ್ರಶ್ನೆ ಇದೆ.’

ಪ್ರಶ್ನೆ ಏನೆಂದು ಗೊತ್ತೇ ಇತ್ತಲ್ಲ. ಸಿಕ್ಕಿಬಿದ್ದರೆ ಪ್ರಕಾಶಕನ ಮುಂದೆ, ಅಣ್ಣನ ಕಥೆ ಹೇಳಿಕೊಂಡವನ ಮುಂದೆ, ಆ ದಪ್ಪ ಕನ್ನಡಕದ ಹೆಂಗಸಿನ ಮುಂದೆ ಮಾನ ಹರಾಜಾಗುತ್ತದೆ. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ; ಅವನ ವಾಕ್ಯವನ್ನು ಇನ್ನೊಬ್ಬರ ವಾಕ್ಯದಿಂದ ಬೇರೆ ಮಾಡಿ ಗುರುತಿಸಿದ ಈ ಲೋಕದ ಒಂದೇ ಒಂದು ಓದುವ ಜೀವ, ತಾನು ತಪ್ಪಾಗಿ ಗುರುತಿಸಿದೆ ಎಂದುಕೊಂಡು ಎದ್ದುಹೋಗುತ್ತದೆ. ಸಾವಿರಾರು ಜನ ಅತ್ತೆಯ ಓದುಗರು. ನಿಂಬೆಹಣ್ಣು ಒಬ್ಬರೇ ಅವನ ಓದುಗರು. ಅವರನ್ನು ಬಗೆಬಗೆಯಾಗಿ ಕಲ್ಪಿಸಿಕೊಂಡಿದ್ದ: ನಿವೃತ್ತ ನ್ಯಾಯಾಧೀಶ, ಗಡಿಯಾರ ರಿಪೇರಿಯವನು, ಬೆಕ್ಕಿನ ಜೊತೆ ಒಂಟಿಯಾಗಿರುವ ಗ್ರಂಥಪಾಲಕಿ. ಯಾರಾದರೂ ಆಗಲಿ, ಸಂಜೆ ಅವರ ಪ್ರಶ್ನೆ ಬಂದಾಗ ಅತ್ತೆ ಕೋಣೆಯಲ್ಲಿ ಇರಬಾರದು ಎಂದುಕೊಂಡ. ಅತ್ತೆ ಅಲ್ಲಿಲ್ಲದಿದ್ದರೆ ಏನು ಮಾಡುತ್ತಿದ್ದ? ‘ಅದು ನಮ್ಮತ್ತೆ, ವಯಸ್ಸಾದವರು, ಹೊತ್ತು ಹೋಗಲೀಂತ ಬರೀತಾರೆ’ ಎಂದು ನಕ್ಕುಬಿಡುತ್ತಿದ್ದ. ಆ ವಾಕ್ಯ ಕಚೇರಿಯ ಮೇಜಿನ ಮುಂದೆ ಅವನ ಮನಸ್ಸಿನಲ್ಲಿ ಎಷ್ಟು ಸಲೀಸಾಗಿ, ತಿದ್ದುವ ಅಗತ್ಯವೇ ಇಲ್ಲದೆ ಬಂತೆಂದರೆ, ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಸುತ್ತ ನೋಡಿದ. ಯಾರೂ ಕೇಳಿಸಿಕೊಂಡಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಅವನ ಕೋಣೆಯ ಸಜ್ಜಿಕೆಯನ್ನೇ ಬದಲಿಸಿದ್ದರು. ಕುರ್ಚಿಯ ಹಿಂದಿನ ಕಪಾಟಿನಲ್ಲಿ ದಪ್ಪ ಪುಸ್ತಕಗಳೆಲ್ಲ ಮುಂದೆ ಬಂದಿದ್ದವು, ತೆಳ್ಳಗಿನವು, ಎಂದರೆ ಅವನು ಬರೆದವು, ಕೆಳಗಿನ ಸಾಲಿಗೆ ಇಳಿದಿದ್ದವು. ಕಿಟಕಿಯ ಪರದೆ ಅರ್ಧ ಸರಿದಿತ್ತು. ಫೋನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು ಮೇಜಿನ ಮೇಲೆ, ಅವನ ಎಡಗೆನ್ನೆಗೆ ಸರಿಯಾಗಿ. ಕ್ಯಾಮೆರಾದ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಸ್ಟೂಲು. ಅದು ಯಾರಿಗೆಂದು ಅವನು ಕೇಳಬೇಕಾಗಿರಲಿಲ್ಲ. “ಅತ್ತೆ, ಇವತ್ತು ಸಂಜೆ ನೀವು ಸ್ವಲ್ಪ…” ಎಂದು ಶುರುಮಾಡಿದ. “ಬಾಯಿ ಹಾಕ್ತೀನಿ ಅಂತ ಭಯಾನಾ?” ಎಂದರು ಅತ್ತೆ, ಕೈಲಿದ್ದ ದೂಳಿನ ಬಟ್ಟೆ ಕೊಡವುತ್ತ. “ಡಾಕ್ಟರು ಹಲ್ಲು ಕೀಳೋವಾಗ ನಾನು ಒಳಗೆ ಹೋಗಿ ಹಿಂಗೆ ಕೀಳಿ ಹಂಗೆ ಕೀಳಿ ಅಂತಿದ್ನಾ? ಬಾಗಿಲ ಹತ್ರ ಇರ್ತಿದ್ದೆ. ಅಕಸ್ಮಾತ್ ಯಾರಾದ್ರೂ ಕೈ ಹಿಡ್ಕೊಳ್ಳೋಕೆ ಬೇಕು ಅಂದ್ರೆ ಇರ್ಲಿ ಅಂತ.” “ಕೈ ಹಿಡ್ಕೊಳ್ಳೋದೇನೂ ಬೇಕಾಗಲ್ಲ.” “ನಿಮಗಲ್ಲ ಅಳಿಯಂದಿರೇ. ಅವರಿಗೆ.” ಆಮೇಲೆ ಅವನ ಮುಖ ನೋಡಿ, “ಬೇಡ ಅಂದ್ರೆ ಒಳಗೆ ಹೋಗಿ ಮಲಗ್ತೀನಿ. ನಂಗೇನು,” ಎಂದರು. ಆ ‘ನಂಗೇನು’ ಎಂಬುದರಲ್ಲಿ ಏನೂ ಇಲ್ಲದಂತೆ ಮಾಡಲು ಅವರು ಪಟ್ಟ ಶ್ರಮ ಅವನಿಗೆ ಕೇಳಿಸಿತು. ಕಥೆಗಾರನ ಕಿವಿಯಿಂದ ಅವನಿಗಿದ್ದ ತೊಂದರೆ ಇದೇ. “ಇರಿ, ಇರಿ,” ಎಂದ. ಅನುಮತಿ ಕೊಡುವವನ ಹಾಗೆ. ತನ್ನ ದನಿ ಕೇಳಿ ತನಗೇ ಹೇಸಿಗೆಯಾಯಿತು.

ಐದಕ್ಕೆ ಸರಿಯಾಗಿ ಪರದೆಯ ಮೇಲೊಂದು ಚೌಕದಲ್ಲಿ ಪ್ರಕಾಶಕನ ಹಣೆ ಕಾಣಿಸಿತು, ಆಮೇಲೆ ಉಳಿದ ಮುಖ. ಅವನು ಒಂದು ದೊಡ್ಡ ಪೀಠಿಕೆ ಹಾಕಿ, ಸಾರ್ ಎಂಥ ಸರಳ ಮನುಷ್ಯ, ಓದುಗರ ಒಂದೊಂದು ಮಾತಿಗೂ ಹೇಗೆ ಸ್ವತಃ ತಾವೇ ಉತ್ತರ ಕೊಡುತ್ತಾರೆ ಎಂದು ಹೇಳುವಾಗ ಕಥೆಗಾರ ಎಡಗೆನ್ನೆಯನ್ನು ಬೆಳಕಿಗೆ ಹಿಡಿದುಕೊಂಡು ಕೂತಿದ್ದ. ಸ್ವತಃ ಎಂಬ ಮಾತಿಗೆ ಸ್ಟೂಲಿನ ಮೇಲೆ ಬಟ್ಟೆ ಸರಸರವೆಂದಿತು. ಒಬ್ಬೊಬ್ಬರಾಗಿ ಓದುಗರು ಬಂದರು. ನಿಂತುಕೊಂಡು ಬರೆದರೆ ಕಾಲು ನೋಯುವುದಿಲ್ಲವೇ ಎಂದು ಒಬ್ಬರು ಕೇಳಿದರು. ಆಮೆಗೆ ಹೆಸರಿಟ್ಟಿದ್ದೀರಾ ಎಂದು ಇನ್ನೊಬ್ಬರು. ಅಣ್ಣನ ಓದುಗ ಬಂದು, ಅಣ್ಣ ಫೋನು ಮಾಡಿದ್ದ ಸಾರ್ ಎಂದಾಗ, ಕಥೆಗಾರ ಬಾಯಿ ತೆರೆದ. “ಈ ಬೆಳವಣಿಗೆ ಸ್ವಾಗತಾರ್ಹ,” ಎಂದ. ಎಲ್ಲ ಚೌಕಗಳಲ್ಲೂ ಜನ ನಕ್ಕರು. ಸಾರ್‌ಗೆ ಎಂಥ ಹಾಸ್ಯಪ್ರಜ್ಞೆ ಎಂದು ಪ್ರಕಾಶಕನೂ ನಕ್ಕ. ಅಣ್ಣನ ಓದುಗನೊಬ್ಬ ಮಾತ್ರ ನಗಲೋ ಬೇಡವೋ ಎಂದು ಸ್ವಲ್ಪ ಹೊತ್ತು ಕಾದು, ತನ್ನ ಚೌಕದಿಂದ ಹೊರಟುಹೋದ. ಮೂಲೆಯಲ್ಲಿ ಅತ್ತೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತಿದ್ದರು. ಕೊಟ್ಟ ಮಾತು ಉಳಿಸಿಕೊಳ್ಳುವುದಕ್ಕೆ ಅವರಿಗೆ ಬಾಯಿ ಮುಚ್ಚಿಕೊಂಡರೆ ಸಾಲುತ್ತಿರಲಿಲ್ಲ, ಕೈಯನ್ನೂ ಕಟ್ಟಿಹಾಕಬೇಕಿತ್ತು.

ನಿಂಬೆಹಣ್ಣು ಬಂತು. ಬಿಳಿ ತಟ್ಟೆ, ಹಳದಿ ಹಣ್ಣು, ಅದರ ಹಿಂದಿನಿಂದ ಇಂಜಿನ್ನಿನ ಗುರುಗುಟ್ಟುವ ಸದ್ದು, ಯಾರದೋ ಕೆಮ್ಮು. ಆಮೇಲೆ ಒಂದು ಹೆಣ್ಣುದನಿ, ನಡುವಯಸ್ಸಿನದು, ಅವಸರದ್ದು. “ಬಸ್ಸಲ್ಲಿದ್ದೀನಿ, ನನ್ನ ಸ್ಟಾಪ್ ಬಂದುಬಿಡುತ್ತೆ. ಒಂದೇ ಮಾತು ಕೇಳೋದು. ಕಥೆ ಬರೆಯೋರು, ಉತ್ತರ ಬರೆಯೋರು, ಇಬ್ಬರೂ ನೀವೇನಾ?” ನ್ಯಾಯಾಧೀಶ, ಗಡಿಯಾರದವನು, ಬೆಕ್ಕು, ಎಲ್ಲ ಒಟ್ಟಿಗೆ ಹಾರಿಹೋಗಿ ಜಾಗ ಖಾಲಿಯಾಯಿತು. ಪ್ರಕಾಶಕನ ಚೌಕದಲ್ಲಿ ನಗು ಹಾಗೇ ನಿಂತಿತ್ತು, ತೆಗೆಯಲು ಮರೆತ ಬೋರ್ಡಿನ ಹಾಗೆ. ಎಲ್ಲ ಚೌಕಗಳೂ ಅವನ ಎಡಗೆನ್ನೆಯನ್ನು ನೋಡುತ್ತಿದ್ದವು. “ಹೌದು,” ಎಂದ ಕಥೆಗಾರ. “ಎರಡೂ ನಾನೇ.”

ಕಣ್ಣಂಚಿನಲ್ಲಿ ಅತ್ತೆ ತೊಡೆಯ ಕೆಳಗಿನಿಂದ ಕೈ ತೆಗೆದದ್ದು, ಕನ್ನಡಕ ತೆಗೆದದ್ದು, ಅದರ ಕಡ್ಡಿಗಳನ್ನು ಒಂದೊಂದಾಗಿ ಮಡಿಸಿದ್ದು ಕಾಣುತ್ತಿತ್ತು. ಕೊನೆಯ ರೋಗಿ ಹೋದ ಮೇಲೆ ಮೇಜು ಮುಚ್ಚಿ ಹೊರಡುವವರ ಹಾಗೆ. ಹೋದ ವರ್ಷ ಅವರು ಈ ಮನೆಗೆ ಬಂದಾಗ ಒಂದು ಸೂಟ್‌ಕೇಸು ಮತ್ತು ಕ್ಲಿನಿಕ್ಕಿನವರು ಬೀಳ್ಕೊಡುಗೆಗೆ ಕೊಟ್ಟ ಗೋಡೆ ಗಡಿಯಾರ ತಂದಿದ್ದರು. ಗಡಿಯಾರ ಎಲ್ಲಿ ಹಾಕಲಿ ಎಂದು ಕೇಳಿದ್ದಕ್ಕೆ, ಈ ಮನೆಯಲ್ಲಿ ಆಗಲೇ ಎರಡಿವೆಯಲ್ಲ ಎಂದು ಅವನೇ ಹೇಳಿದ್ದ. ಅದು ಈಗ ಯಾಕೆ ನೆನಪಾಗಬೇಕು? ಮೊದಮೊದಲು ಅವರು ಇಡೀ ದಿನ ಕಿಟಕಿಯ ಹತ್ತಿರ ಕೂತು, ಕೆಳಗೆ ಬೀದಿಯಲ್ಲಿ ಹೋಗುವವರಲ್ಲಿ ಯಾರು ಯಾವ ಕಡೆ ದವಡೆ ಹಿಡಿದುಕೊಂಡಿದ್ದಾರೆ ಎಂದು ಹೇಳುತ್ತಿದ್ದರು; ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಪುಟ ಬಂದ ಮೇಲೆ ಕಿಟಕಿ ಬಿಟ್ಟಿದ್ದರು.

“ಹಾಗಾದ್ರೆ ಸರಿ,” ಎಂದಿತು ನಿಂಬೆಹಣ್ಣು, ಅಂಗಡಿಯಲ್ಲಿ ಬೇಕಾದ ಸಾಮಾನು ಇಲ್ಲವೆಂದು ತಿಳಿದವರ ದನಿಯಲ್ಲಿ. “ನಾನೇ ತಪ್ಪು ತಿಳಿದಿದ್ದೆ. ಇಡ್ತೀನಿ.”

“ಇರಿ,” ಎಂದ ಅವನು. “ಪ್ರಶ್ನೆ… ನನ್ನ ಕಥೆಗಳ ಬಗ್ಗೆ ಏನೂ ಕೇಳಲ್ವಾ?”

“ನಿಮ್ಮನ್ನ ಕೇಳೋದೇನಿದೆ? ನಿಮ್ಮದೆಲ್ಲಾ ಓದಿದ್ದೀನಿ.” ಬಸ್ಸು ಎಲ್ಲೋ ತಿರುಗಿತು, ದನಿ ಒಂದು ಪಕ್ಕಕ್ಕೆ ವಾಲಿ ನೆಟ್ಟಗಾಯಿತು. “ಆ ಇನ್ನೊಬ್ಬರ ಹತ್ರಾನೇ ಒಂದ್ಮಾತು ಇತ್ತು. ಬಾಗಿಲ ಬಗ್ಗೆ ಏನೋ ಕೇಳಿದ್ರು, ನಾನು ಸುಮ್ಮನಿದ್ದುಬಿಟ್ಟೆ. ಅವರು ಬೇರೆಯವರಾದ್ರೆ ಹೇಳೋಣ ಅಂತಿದ್ದೆ. ನಿಮಗೆ ಹೇಳೋದಲ್ಲ ಅದು. ನಿಮಗೆ ಹೇಳಿದ್ರೆ ಬರೆದುಬಿಡ್ತೀರಿ.”

ನಿಮ್ಮದೆಲ್ಲಾ ಓದಿದ್ದೀನಿ. ಇಷ್ಟು ವರ್ಷ ಯಾರಾದರೂ ಹೇಳಲೆಂದು ಕಾದಿದ್ದ ಮಾತು ಅದು. ಬಂದದ್ದು ಹೀಗೆ, ಅವನನ್ನು ದಾಟಿ ಒಳಗೆ ಹೋಗಲು ದಾರಿ ಕೇಳುವವರ ಬಾಯಲ್ಲಿ. ಅವಮಾನವೋ ಸಂತೋಷವೋ ಎಂದು ನೋಡಿಕೊಳ್ಳಲು ಹೊತ್ತಿರಲಿಲ್ಲ; ಎರಡೂ ಒಂದೇ ಬಾಗಿಲಲ್ಲಿ ನುಗ್ಗಲು ಹೋಗಿ ಭುಜಕ್ಕೆ ಭುಜ ಸಿಕ್ಕಿಕೊಂಡಿದ್ದವು. ಒಂದು ತೀರ್ಮಾನಕ್ಕೆ ಮುನ್ನ ಎರಡು ಪುಟ ತುಂಬ ನಡುಗುವ ಪಾತ್ರಗಳನ್ನು ಬರೆದಿದ್ದವನು, ಈಗ ಒಂದು ಕೈ ಚಾಚಿ ಮೂರು ಕಾಲಿನ ಸ್ಟ್ಯಾಂಡು ಹಿಡಿದು, ಯೋಚಿಸದೆ, ಮೂಲೆಯ ಕಡೆಗೆ ತಿರುಗಿಸಿದ. ಹಾಗೆ ತಿರುಗಿಸುವಾಗ ಅವನ ಬಲಗೆನ್ನೆ ಎಲ್ಲರಿಗೂ ಕಂಡಿತು.

“ಅಳಿಯಂದಿರೇ!” ಎಂದು ಅತ್ತೆ ಕಿರುಚಿದ್ದು ಸಾವಿರಾರು ಮನೆಗಳಲ್ಲಿ ಏಕಕಾಲಕ್ಕೆ ಕೇಳಿಸಿತು. “ತಲೆ ಬಾಚಿಲ್ಲ!”

“ಸುಳ್ಳು ಹೇಳಿದೆ,” ಎಂದ ಅವನು, ಈಗ ಕ್ಯಾಮೆರಾದ ಹೊರಗಿನಿಂದ. ಯಾರಿಗೆ ಹೇಳಿದೆ ಎಂದು ಅವನಿಗೂ ಸರಿಯಾಗಿ ತಿಳಿಯಲಿಲ್ಲ. “ಉತ್ತರ ಎಲ್ಲ ಇವರದು. ಇವರು ನಮ್ಮತ್ತೆ.” ವಯಸ್ಸಾದವರು, ಹೊತ್ತು ಹೋಗಲೀಂತ, ಎಂಬುದೆಲ್ಲ ನಾಲಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡ.

ಪ್ರಕಾಶಕ ಏನೋ ಹೇಳಲು ಹೋಗಿ ತನ್ನ ದನಿಯನ್ನು ತಾನೇ ಮುಚ್ಚಿಕೊಂಡ. ಅತ್ತೆ ಒಂದು ಕೈಯಿಂದ ಕೂದಲು ಒತ್ತಿಕೊಂಡು, ಇನ್ನೊಂದರಿಂದ ಕನ್ನಡಕ ಬಿಡಿಸಿ ಹಾಕಿಕೊಂಡು, ಪರದೆಗೆ ತೀರ ಹತ್ತಿರ ಬಂದರು. ಆ ಕ್ಷಣ ಓದುಗರಿಗೆ ಕಂಡಿದ್ದು ಒಂದು ದೊಡ್ಡ ಕಣ್ಣು ಮಾತ್ರ ಇರಬೇಕು. “ನಿಂಬೆಹಣ್ಣಾ? ಏನಮ್ಮಾ ನೀನು, ಎಷ್ಟು ಕಾಡ್ತೀಯಾ ನಮ್ಮ ಅಳಿಯನ್ನ! ಹೇಳು, ಬಾಗಿಲು ತೆರ್ಕೊಳ್ಳುತ್ತಾ?”

ಅತ್ತಲಿಂದ ಮೊದಲು ಬಸ್ಸಿನ ಸದ್ದಷ್ಟೇ ಬಂತು. ಆಮೇಲೆ, “ಇಲ್ಲಮ್ಮ. ಕೆಳಗೆ ನೆಲಕ್ಕೆ ಉಜ್ಜುತ್ತೆ. ಭುಜ ಕೊಟ್ಟು ತಳ್ಳಬೇಕು. ಯಾರನ್ನಾದ್ರೂ ಕರೆದು ಸರಿ ಮಾಡಿಸಬೇಕು ಅಂತ ಅಂದ್ಕೋತಾನೇ ಇದ್ದೀನಿ.”

“ಮತ್ತೆ ಬಂದೋರು ಹೇಗೆ ಒಳಗೆ ಬರ್ತಾರೆ?”

“ಯಾರೂ ಬರಲ್ಲ.”

“ಹೂಂ,” ಎಂದರು ಅತ್ತೆ. ಆ ಹೂಂ ಎಂಬುದಕ್ಕೆ ಅರ್ಥವಿರಲಿಲ್ಲ, ಉದ್ದವಿತ್ತು. “ಯಾವ ಕಡೆ ಉಜ್ಜುತ್ತೆ? ಕೀಲಿನ ಕಡೇನಾ, ಚಿಲಕದ ಕಡೇನಾ?”

“ಚಿಲಕದ ಕಡೆ. ಅಯ್ಯೋ, ನನ್ನ ಸ್ಟಾಪ್!”

“ಇಳಿ, ಇಳಿ. ಫೋನ್ ಇಡಬೇಡ. ಮೆಟ್ಟಿಲು ನೋಡ್ಕೊಂಡು ಇಳಿ. ಇಳಿದ್ಯಾ? ಹಾಂ, ಈಗ ನಡೀತಾ ಹೇಳು.”

ಕಥೆಗಾರ ಎದ್ದು, ಕುರ್ಚಿಯನ್ನು ಅತ್ತೆಗೆ ಸರಿಸಿಕೊಟ್ಟು, ಸ್ಟೂಲಿನ ಮೇಲೆ ಕೂತ. ಸ್ಟೂಲು ಇನ್ನೂ ಬೆಚ್ಚಗಿತ್ತು. ಅಲ್ಲಿಂದ ಅತ್ತೆಯ ಬೆನ್ನು, ಹೆರಳಿನಿಂದ ತಪ್ಪಿಸಿಕೊಂಡ ಬಿಳಿ ಕೂದಲು, ಪರದೆಯ ತುಂಬ ಚೌಕ ಚೌಕವಾಗಿ ಬಗ್ಗಿ ಕೇಳುತ್ತಿದ್ದ ಮುಖಗಳು ಕಾಣುತ್ತಿದ್ದವು. ಅತ್ತ ಒಂದು ಹೆಂಗಸು ನಡೆಯುತ್ತಿದ್ದಳು. ಅವಳ ಚಪ್ಪಲಿಯ ಸದ್ದು, ಒಂದು ಗೇಟಿನ ಕಿರ್ರೆನ್ನುವ ಸದ್ದು, ಮೆಟ್ಟಿಲು, ಬೀಗದಕೈ, ಆಮೇಲೆ ಮರ ನೆಲಕ್ಕೆ ಉಜ್ಜಿ ಬೇಸರದಿಂದ ಜಾಗ ಬಿಡುವ ಸದ್ದು. ತನ್ನ ಬಾಗಿಲಿಗಿಂತ ಇದು ಒಳ್ಳೆಯ ಬಾಗಿಲು ಎಂದು ಅಸೂಯೆಯಿಂದ ಒಪ್ಪಿಕೊಂಡ. ಬರೆದುಬಿಡಬಹುದು ಎಂದು ಕೂಡಲೇ ಅನ್ನಿಸಿತು. ಕೂಡಲೇ, ಅದಕ್ಕೇ ಅಲ್ಲವೇ ಅವಳು ತನಗೆ ಹೇಳಲಿಲ್ಲ ಎಂದೂ ಅನ್ನಿಸಿತು. ಜೇಬಿನಲ್ಲಿದ್ದ ಪೆನ್ನನ್ನು ಮುಟ್ಟಿ ನೋಡಿ ಅಲ್ಲೇ ಬಿಟ್ಟ. ಹೊರಗೆ ಹೆಂಡತಿಯ ಕಾರು ನಿಂತಿತು. ಅವಳು ಒಳಗೆ ಬಂದು ಬಾಗಿಲಲ್ಲಿ ಇಣುಕಿ, ಅಮ್ಮ ಕುರ್ಚಿಯಲ್ಲೂ ಗಂಡ ಸ್ಟೂಲಿನಲ್ಲೂ ಇರುವುದನ್ನು ನೋಡಿ, ಪಾಠ ಹೇಳುವವಳಂತೆ ಹೆಬ್ಬೆರಳು ಎತ್ತಿ ಹೋದಳು.

ಪ್ರಕಾಶಕ ಎರಡು ದಿನ ಮುನಿಸಿಕೊಂಡಿದ್ದು ಮೂರನೆಯ ದಿನ ಅತ್ತೆಯ ಫೋಟೋ ಬೇಕೆಂದು ಕೇಳಿದ. ಕೆಲವು ಓದುಗರು ಮೋಸ ಎಂದು ಬರೆದು ಹೊರಟುಹೋದರು. ಅಣ್ಣನ ಓದುಗ ತಿರುಗಿ ಬಂದ. ಉತ್ತರಗಳ ಕೆಳಗೆ ಈಗ ಅತ್ತೆ ಎಂದು ಇರುತ್ತದೆ, ಕಥೆಗಳ ಕೆಳಗೆ ಏನೂ ಇರುವುದಿಲ್ಲ. ಪುಸ್ತಕದ ಮಾರಾಟ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ನಿಂಬೆಹಣ್ಣು ಓದುವುದನ್ನು ಬಿಡಲಿಲ್ಲ.